ಹಿರಿಯರ ಫಿಸಿಯೋಥೆರಪಿ: ಪರಿಣತಿ ಮತ್ತು ತರಬೇತಿ

ವಯಸ್ಸಾದವರು ಎದ್ದು ನಿಲ್ಲುವ, ನಡೆದಾಡುವ, ಬೀಳದೆ ತಿರುಗುವ, ದಿನದ ಕೆಲಸಗಳನ್ನು ಇನ್ನೊಬ್ಬರ ಆಸರೆಯಿಲ್ಲದೆ ಮಾಡಿಕೊಳ್ಳುವ ಶಕ್ತಿಯನ್ನು ಉಳಿಸಿಕೊಡುವ, ಕುಂದಿದ್ದರೆ ಮರಳಿ ಕಟ್ಟಿಕೊಡುವ ಚಿಕಿತ್ಸಾ ಶಾಖೆಯೇ ಹಿರಿಯರ ಫಿಸಿಯೋಥೆರಪಿ. ಜೆರಿಯಾಟ್ರಿಕ್ ಫಿಸಿಯೋಥೆರಪಿ ಎಂಬ ಹೆಸರೂ ಬಳಕೆಯಲ್ಲಿದೆ. ಮೂಲ ಪದವಿ ಮುಗಿಸಿದ ಫಿಸಿಯೋಥೆರಪಿಸ್ಟ್ ಈ ಶಾಖೆಯಲ್ಲಿ ಪರಿಣತಿ ಪಡೆಯಲು ಓದಬೇಕಾದ ಪಾಠ, ಅನುಭವಿಗಳ ಕೈಕೆಳಗೆ ದುಡಿಯಬೇಕಾದ ಕಾಲ, ಎದುರಿಸಬೇಕಾದ ಪರೀಕ್ಷೆ ಎಲ್ಲವೂ ಇದರ ತರಬೇತಿಗೆ ಸೇರಿವೆ. ಅಮೆರಿಕದಲ್ಲಿ ಈ ತರಬೇತಿ ಹಂತಹಂತವಾಗಿ ರೂಪುಗೊಂಡಿದ್ದು, 1992ರಿಂದ ಪ್ರಮಾಣಪತ್ರ ಪಡೆದ ತಜ್ಞರು ಹೊರಬರುತ್ತಿದ್ದಾರೆ. ಭಾರತದಲ್ಲಿ ಹಿರಿಯರ ಸಂಖ್ಯೆ ವೇಗವಾಗಿ ಏರುತ್ತಿದ್ದರೂ ಈ ಪರಿಣತಿಗೆ ಪಠ್ಯಕ್ರಮದಲ್ಲಿ ಸಿಕ್ಕಿರುವ ಜಾಗ ಚಿಕ್ಕದು.

ಏಕೆ ಪ್ರತ್ಯೇಕ ಪರಿಣತಿ

ಮೂವತ್ತರ ಯುವಕ ಆಟವಾಡುವಾಗ ಮಂಡಿ ತಿರುಚಿಕೊಂಡರೆ ಚಿಕಿತ್ಸೆ ಹೆಚ್ಚುಕಡಿಮೆ ಮಂಡಿಗೇ ಮುಗಿಯುತ್ತದೆ. ಎಪ್ಪತ್ತೆಂಟರ ಅಜ್ಜಿಗೆ ಮಂಡಿ ನೋವಿನ ಜೊತೆಗೆ ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಪಾದ, ಪೊರೆ ಬಂದ ಕಣ್ಣು, ರಕ್ತದೊತ್ತಡದ ಮಾತ್ರೆ, ರಾತ್ರಿ ಎರಡು ಮೂರು ಸಲ ಏಳಬೇಕಾದ ಕಷ್ಟ, ಹಿಂದೊಮ್ಮೆ ಬಿದ್ದು ಉಳಿದ ಭಯ ಎಲ್ಲವೂ ಇರಬಹುದು. ಇವುಗಳಲ್ಲಿ ಯಾವುದು ನಡಿಗೆಯನ್ನು ಹೆಚ್ಚು ಕೆಡಿಸುತ್ತಿದೆ, ಯಾವುದನ್ನು ಮೊದಲು ಹಿಡಿದರೆ ಉಳಿದವು ಹಗುರಾಗುತ್ತವೆ ಎಂದು ತೀರ್ಮಾನಿಸುವುದಕ್ಕೆ ಬೇರೆಯೇ ತಯಾರಿ ಬೇಕು.

ಇಳಿವಯಸ್ಸಿನಲ್ಲಿ ರೋಗಗಳು ಪುಸ್ತಕದಲ್ಲಿ ಬರೆದಂತೆ ಕಾಣಿಸಿಕೊಳ್ಳುವುದೂ ಇಲ್ಲ. ನ್ಯುಮೋನಿಯಾ ಆದವರಿಗೆ ಜ್ವರವಾಗಲಿ ಕೆಮ್ಮಾಗಲಿ ಬಾರದೆ ದಿಢೀರನೆ ಗೊಂದಲ ಹಿಡಿಯಬಹುದು, ಇಲ್ಲವೇ ನೆಲಕ್ಕೆ ಬೀಳಬಹುದು. ಮೂತ್ರದ ಸೋಂಕು, ಹೃದಯಾಘಾತ, ನೀರಿನಂಶದ ಕೊರತೆ ಕೂಡ ಹೀಗೆ ವೇಷ ಮರೆಸಿಕೊಂಡು ಬರುತ್ತವೆ. ವಾರದಲ್ಲಿ ಮೂರು ದಿನ ರೋಗಿಯನ್ನು ನಡೆಸುವ ಫಿಸಿಯೋಥೆರಪಿಸ್ಟ್ ಇಂಥ ಬದಲಾವಣೆಯನ್ನು ವೈದ್ಯರಿಗಿಂತ ಮೊದಲೇ ಗಮನಿಸುವ ಸ್ಥಾನದಲ್ಲಿರುತ್ತಾರೆ. ನಿದ್ರೆಯ ಮಾತ್ರೆ, ರಕ್ತದೊತ್ತಡದ ಔಷಧಿ, ಖಿನ್ನತೆಯ ಔಷಧಿ ಇವು ಬೀಳುವ ಅಪಾಯವನ್ನು ಹೆಚ್ಚಿಸುತ್ತವೆ. ಔಷಧಿ ಬರೆಯುವುದು ಫಿಸಿಯೋಥೆರಪಿಸ್ಟರ ಕೆಲಸವಲ್ಲದಿದ್ದರೂ ಔಷಧಿಯ ಪಟ್ಟಿ ಓದಿ ಅನುಮಾನವನ್ನು ವೈದ್ಯರ ಮುಂದಿಡುವುದು ಅವರ ಕರ್ತವ್ಯ.

ಬೀಳುವುದು ಸಣ್ಣ ಸಂಗತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಉದ್ದೇಶವಿಲ್ಲದೆ ಆಗುವ ಗಾಯಗಳಿಂದ ಸಂಭವಿಸುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದೇ. ಭಾರತದ 2011ರ ಜನಗಣತಿಯಲ್ಲಿ 60 ದಾಟಿದವರು ಸುಮಾರು 10.38 ಕೋಟಿ, ಅಂದರೆ ಜನಸಂಖ್ಯೆಯ 8.6%. ಕರ್ನಾಟಕದಲ್ಲಿ ಆ ಪ್ರಮಾಣ ಸುಮಾರು 9.5% ಇತ್ತು. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಪ್ರಕಟಿಸಿದ ಭಾರತದ ವೃದ್ಧಾಪ್ಯ ವರದಿಯ ಪ್ರಕಾರ 2050ರ ಹೊತ್ತಿಗೆ ದೇಶದ ಐವರಲ್ಲಿ ಒಬ್ಬರು 60 ದಾಟಿದವರಾಗಿರುತ್ತಾರೆ.

ಬೆಳೆದುಬಂದ ಬಗೆ

ಫಿಸಿಯೋಥೆರಪಿ ವೃತ್ತಿ ಹುಟ್ಟಿದ್ದು ವೃದ್ಧರಿಗಾಗಿ ಅಲ್ಲ. ಬ್ರಿಟನ್ನಿನಲ್ಲಿ 1894ರಲ್ಲಿ ನಾಲ್ವರು ದಾದಿಯರು ಕಟ್ಟಿದ ಮಾಲೀಸು ವೃತ್ತಿಯ ಸಂಘ ಇಂದಿನ ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿಯ ಮೂಲ. ಅಮೆರಿಕದಲ್ಲಿ ಮೊದಲ ಮಹಾಯುದ್ಧದ ಗಾಯಾಳು ಸೈನಿಕರ ಆರೈಕೆಗೆಂದು ತರಬೇತಿ ಪಡೆದ ಮಹಿಳೆಯರು 1921ರಲ್ಲಿ ವೃತ್ತಿಸಂಘ ಸ್ಥಾಪಿಸಿದರು. ಮೇರಿ ಮೆಕ್‌ಮಿಲನ್ ಅದರ ಮೊದಲ ಅಧ್ಯಕ್ಷೆ. ಬಳಿಕ ಪೋಲಿಯೊ ಪಿಡುಗು ಈ ವೃತ್ತಿಯನ್ನು ಬೆಳೆಸಿತು. ಹೀಗೆ ಮೊದಲ ಅರ್ಧ ಶತಮಾನದಲ್ಲಿ ಇದರ ಗಮನವೆಲ್ಲ ಸೈನಿಕರು ಮತ್ತು ಮಕ್ಕಳ ಮೇಲಿತ್ತು.

ವೃದ್ಧರ ವೈದ್ಯಕೀಯ ಬೇರೆ ದಾರಿಯಲ್ಲಿ ಬೆಳೆಯಿತು. ನ್ಯೂಯಾರ್ಕಿನ ವೈದ್ಯ ಇಗ್ನಾಟ್ಜ್ ನಾಷರ್ 1909ರಲ್ಲಿ ಅದಕ್ಕೆ ಜೆರಿಯಾಟ್ರಿಕ್ಸ್ ಎಂದು ಹೆಸರಿಟ್ಟು, ಮಕ್ಕಳ ವೈದ್ಯಕೀಯದಂತೆ ಅದೂ ಸ್ವತಂತ್ರ ಶಾಖೆಯಾಗಬೇಕೆಂದು ವಾದಿಸಿದರು. ಎರಡೂ ದಾರಿಗಳು ಕೂಡಿದ್ದು ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ. ಅಲ್ಲಿ 1935ರಲ್ಲಿ ವೈದ್ಯೆ ಮಾರ್ಜರಿ ವಾರೆನ್ ಅವರಿಗೆ ಪಕ್ಕದ ಬಡವರ ಆಸ್ಪತ್ರೆಯ ನೂರಾರು ದೀರ್ಘಕಾಲದ ರೋಗಿಗಳ ಹೊಣೆ ಬಂತು. ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದವರನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿ, ವಿಂಗಡಿಸಿ, ಎಬ್ಬಿಸಿ ಕೂರಿಸಿ, ನಡೆಸಿ, ಅನೇಕರನ್ನು ಮನೆಗೆ ಕಳಿಸಿದರು. ಹಾಸಿಗೆಯೇ ಗತಿ ಎನಿಸಿದ್ದವರಲ್ಲಿ ಹಲವರನ್ನು ಹಾಗೆ ಮಾಡಿದ್ದು ಹಾಸಿಗೆಯೇ ಎಂದು ಅವರು ತೋರಿಸಿಕೊಟ್ಟರು. ವೈದ್ಯರು, ದಾದಿಯರು, ಫಿಸಿಯೋಥೆರಪಿಸ್ಟರು, ಸಮಾಜಸೇವಕರು ಒಂದು ತಂಡವಾಗಿ ದುಡಿಯುವ ಪದ್ಧತಿ ಅಲ್ಲಿಂದ ಬೇರೂರಿತು.

ಅಮೆರಿಕದಲ್ಲಿ 1965ರ ಮೆಡಿಕೇರ್ ಕಾಯಿದೆ 65 ದಾಟಿದವರಿಗೆ ಸರ್ಕಾರಿ ಆರೋಗ್ಯ ವಿಮೆ ಒದಗಿಸಿತು. ಶುಶ್ರೂಷಾ ಗೃಹಗಳಲ್ಲಿ, ಮನೆಗಳಲ್ಲಿ ಫಿಸಿಯೋಥೆರಪಿಗೆ ಬೇಡಿಕೆ ಹೆಚ್ಚಿತು. 1978ರಲ್ಲಿ ಅಮೆರಿಕನ್ ಫಿಸಿಕಲ್ ಥೆರಪಿ ಅಸೋಸಿಯೇಷನ್ ತನ್ನೊಳಗೆ ವೃದ್ಧರ ಆರೈಕೆಯ ವಿಭಾಗ ತೆರೆಯಿತು. ಇಂದು ಅದಕ್ಕೆ ಎಪಿಟಿಎ ಜೆರಿಯಾಟ್ರಿಕ್ಸ್ ಎಂದು ಹೆಸರು. 1989ರಲ್ಲಿ ವೃದ್ಧರ ಫಿಸಿಯೋಥೆರಪಿಯನ್ನು ಪರಿಣತಿಯ ಕ್ಷೇತ್ರವೆಂದು ಒಪ್ಪಲಾಯಿತು. ಮೊದಲ ತಜ್ಞರಿಗೆ 1992ರಲ್ಲಿ ಪ್ರಮಾಣಪತ್ರ ಸಿಕ್ಕಿತು. ಮರುವರ್ಷ ಆಂಡ್ರ್ಯೂ ಗಚಿಯೋನಿ ಸಂಪಾದಿಸಿದ 'ಜೆರಿಯಾಟ್ರಿಕ್ ಫಿಸಿಕಲ್ ಥೆರಪಿ' ಎಂಬ ಗ್ರಂಥ ಪ್ರಕಟವಾಯಿತು. ಹಲವು ಆವೃತ್ತಿಗಳನ್ನು ಕಂಡ ಅದು ಇಂದಿಗೂ ಈ ವಿಷಯದ ಮುಖ್ಯ ಪಠ್ಯ.

ಮುಪ್ಪು, ರೋಗ ಮತ್ತು ಜಡತೆ

ಈ ತರಬೇತಿಯ ತಿರುಳನ್ನು ಒಂದೇ ಪ್ರಶ್ನೆಯಲ್ಲಿ ಹೇಳಬಹುದು: ಈ ವ್ಯಕ್ತಿಯ ಬಲಹೀನತೆಯಲ್ಲಿ ವಯಸ್ಸಿನ ಪಾಲೆಷ್ಟು, ರೋಗದ ಪಾಲೆಷ್ಟು, ಸುಮ್ಮನೆ ಕೂತದ್ದರ ಪಾಲೆಷ್ಟು? ಮೊದಲನೆಯದನ್ನು ನಿಲ್ಲಿಸಲಾಗದು. ಎರಡನೆಯದನ್ನು ಹತೋಟಿಯಲ್ಲಿಡಬಹುದು. ಮೂರನೆಯದನ್ನು ಬಹುಮಟ್ಟಿಗೆ ಹಿಂದಕ್ಕೆ ತಿರುಗಿಸಬಹುದು. ಮೂರನ್ನೂ ಬೆರೆಸಿ ವಯಸ್ಸಾಯಿತು ಎಂದುಬಿಟ್ಟರೆ ತಿರುಗಿಸಬಹುದಾದ ಭಾಗವೂ ಕೈತಪ್ಪುತ್ತದೆ.

ವಯಸ್ಸಾದಂತೆ ಸ್ನಾಯುವಿನ ರಾಶಿ ಮತ್ತು ಶಕ್ತಿ ಕ್ಷೀಣಿಸುವುದಕ್ಕೆ ಸಾರ್ಕೊಪೀನಿಯ ಎಂಬ ಹೆಸರನ್ನು ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಸೂಚಿಸಿದರು. ಶಕ್ತಿ ಕುಗ್ಗುವ ವೇಗ ರಾಶಿ ಕರಗುವ ವೇಗಕ್ಕಿಂತ ಹೆಚ್ಚು; ಚುರುಕಾಗಿ ಬಲ ಹಾಕುವ ಸಾಮರ್ಥ್ಯ ಅದಕ್ಕಿಂತಲೂ ಬೇಗ ಇಳಿಯುತ್ತದೆ. ಎಡವಿದಾಗ ಥಟ್ಟನೆ ಕಾಲು ಮುಂದಿಟ್ಟು ಸಾವರಿಸಿಕೊಳ್ಳಲು ಬೇಕಾದದ್ದು ಈ ಚುರುಕುತನವೇ. ಹಾಸಿಗೆ ಇಳಿಕೆಯನ್ನು ಇನ್ನಷ್ಟು ಬೇಗಗೊಳಿಸುತ್ತದೆ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತ ಹಿರಿಯರು 10 ದಿನ ಹಾಸಿಗೆಯಲ್ಲೇ ಉಳಿದಾಗ ಅವರ ಕಾಲುಗಳಿಂದ ಸುಮಾರು ಒಂದು ಕಿಲೋದಷ್ಟು ಕೊಬ್ಬುರಹಿತ ಅಂಗಾಂಶ ಕರಗಿಹೋಗಿತ್ತು. ಆಸ್ಪತ್ರೆಗೆ ನಡೆದು ಹೋದವರು ಗಾಲಿಕುರ್ಚಿಯಲ್ಲಿ ಮನೆಗೆ ಬರುವುದಕ್ಕೆ ಎಷ್ಟೋ ಸಲ ಕಾರಣ ರೋಗಕ್ಕಿಂತ ಹಾಸಿಗೆ.

ಇಳಿದದ್ದು ಏರಬಲ್ಲುದು ಎಂಬುದಕ್ಕೆ ಬಲವಾದ ಸಾಕ್ಷಿ ಬಾಸ್ಟನ್ನಿನಿಂದ ಬಂತು. 1990ರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ದೀರ್ಘಕಾಲಿಕ ಆರೈಕೆ ಕೇಂದ್ರದಲ್ಲಿದ್ದ, 90ರ ಆಸುಪಾಸಿನ 10 ಮಂದಿಗೆ 8 ವಾರ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಪೂರ್ಣಗೊಳಿಸಿದವರ ತೊಡೆಯ ಸ್ನಾಯುಗಳ ಶಕ್ತಿ ಸರಾಸರಿ 174% ಏರಿತು. 1994ರಲ್ಲಿ ಅದೇ ತಂಡ 100 ಮಂದಿ ದುರ್ಬಲ ಹಿರಿಯರ ಮೇಲೆ 10 ವಾರಗಳ ಪ್ರಯೋಗ ನಡೆಸಿ ಶಕ್ತಿಯ ಜೊತೆ ನಡಿಗೆಯ ವೇಗ, ಮೆಟ್ಟಿಲೇರುವ ಬಲವೂ ಹೆಚ್ಚಿದ್ದನ್ನು ದಾಖಲಿಸಿತು. ತೊಂಬತ್ತರ ದೇಹಕ್ಕೂ ತರಬೇತಿಗೆ ಸ್ಪಂದಿಸುವ ಗುಣವಿದೆ ಎಂಬ ಈ ಅರಿವು ಇಡೀ ಶಾಖೆಯ ಅಡಿಪಾಯ.

ಲಿಂಡಾ ಫ್ರೀಡ್ ಮತ್ತು ಸಹೋದ್ಯೋಗಿಗಳು 2001ರಲ್ಲಿ ದೌರ್ಬಲ್ಯದ ಲಕ್ಷಣಗಳನ್ನು ಐದಾಗಿ ಗುರುತಿಸಿದರು: ಬಯಸದೆ ತೂಕ ಇಳಿಯುವುದು, ಸದಾ ಸುಸ್ತು, ಚಟುವಟಿಕೆಯ ಕೊರತೆ, ನಿಧಾನ ನಡಿಗೆ, ಸಡಿಲ ಕೈಹಿಡಿತ. ಮೂರು ಅಥವಾ ಹೆಚ್ಚು ಕಂಡರೆ ದುರ್ಬಲ ಸ್ಥಿತಿ. ಒಂದೆರಡು ಕಂಡರೆ ಅದರ ಹೊಸ್ತಿಲು. ಹೊಸ್ತಿಲಲ್ಲೇ ಗುರುತಿಸಿ ತಡೆಯುವುದನ್ನು ತಜ್ಞರು ಕಲಿಯುತ್ತಾರೆ.

ಅಳತೆಯ ಪಾಠ

ಹಿರಿಯರ ಸ್ಥಿತಿಯನ್ನು ಕಣ್ಣಂದಾಜಿನಲ್ಲಿ ಹೇಳುವ ಅಭ್ಯಾಸವನ್ನು ಬಿಡಿಸುವುದು ತರಬೇತಿಯ ಇನ್ನೊಂದು ಗುರಿ. ಇದಕ್ಕೆ ಬೇಕಾದ ಸಾಧನಗಳು ಸರಳ: ಕುರ್ಚಿ, ಅಳತೆಪಟ್ಟಿ, ನಿಲುಗಡಿಯಾರ.

ಹೆಚ್ಚು ಬಳಕೆಯಲ್ಲಿರುವುದು 1991ರಲ್ಲಿ ಕೆನಡಾದ ಪೊಡ್ಸಿಯಾಡ್ಲೊ ಮತ್ತು ರಿಚರ್ಡ್‌ಸನ್ ಪ್ರಕಟಿಸಿದ ಟೈಮ್ಡ್ ಅಪ್ ಅಂಡ್ ಗೋ ಪರೀಕ್ಷೆ. ವ್ಯಕ್ತಿ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮಾರ್ಗಸೂಚಿಯಲ್ಲಿ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ಎಣಿಕೆ. ಕೆನಡಾದ ಫಿಸಿಯೋಥೆರಪಿಸ್ಟ್ ಕ್ಯಾಥರೀನ್ ಬರ್ಗ್ 1989ರಲ್ಲಿ ರೂಪಿಸಿದ ಸಮತೋಲನ ಮಾಪಕದಲ್ಲಿ 14 ಕೆಲಸಗಳಿದ್ದು ಒಟ್ಟು ಅಂಕ 56. ಒಂಟಿ ಕಾಲಿನಲ್ಲಿ ನಿಲ್ಲುವುದು, ನೆಲದ ವಸ್ತುವನ್ನು ಎತ್ತಿಕೊಳ್ಳುವುದು, ಹಿಂದಿರುಗಿ ನೋಡುವುದು ಅವುಗಳಲ್ಲಿ ಕೆಲವು. 30 ಸೆಕೆಂಡಿನಲ್ಲಿ ಕೈ ಊರದೆ ಎಷ್ಟು ಸಲ ಕುರ್ಚಿಯಿಂದ ಏಳಬಲ್ಲರು ಎಂಬ ಪರೀಕ್ಷೆ ಕಾಲಿನ ಶಕ್ತಿಯನ್ನು ಹೇಳುತ್ತದೆ.

ನಡಿಗೆಯ ವೇಗಕ್ಕೆ ವಿಶೇಷ ಮಹತ್ವವಿದೆ. 2011ರಲ್ಲಿ ಸ್ಟೆಫನಿ ಸ್ಟುಡೆನ್‌ಸ್ಕಿ ಮತ್ತು ಸಂಗಡಿಗರು ಒಂಬತ್ತು ಅಧ್ಯಯನಗಳ 34,485 ಹಿರಿಯರ ಮಾಹಿತಿಯನ್ನು ಒಟ್ಟುಗೂಡಿಸಿ, ನಡಿಗೆಯ ವೇಗಕ್ಕೂ ಉಳಿದ ಆಯುಸ್ಸಿಗೂ ನಿಕಟ ನಂಟಿದೆ ಎಂದು ತೋರಿಸಿದರು. ಸೆಕೆಂಡಿಗೆ 0.8 ಮೀಟರಿಗಿಂತ ನಿಧಾನವಾದ ನಡಿಗೆ ಎಚ್ಚರಿಕೆಯ ಗಂಟೆ. ನಾಡಿ, ಉಸಿರು, ರಕ್ತದೊತ್ತಡದ ಜೊತೆಗೆ ನಡಿಗೆಯ ವೇಗವನ್ನೂ ಪ್ರತಿ ಭೇಟಿಯಲ್ಲಿ ಬರೆದಿಡಬೇಕೆಂದು ತಜ್ಞರು ಹೇಳುವುದು ಇದಕ್ಕಾಗಿ.

ನೆಲದ ಮೇಲೆ ಬದುಕುವ ಸಮಾಜಗಳಿಗೆ ಇನ್ನೊಂದು ಅಳತೆ ಹೆಚ್ಚು ಹತ್ತಿರವಾದುದು. ಬ್ರೆಜಿಲ್‌ನ ಕ್ಲಾಡಿಯೊ ಗಿಲ್ ಅರಾಉಜೊ ರೂಪಿಸಿದ ಪರೀಕ್ಷೆಯಲ್ಲಿ ನೆಲಕ್ಕೆ ಕೂತು ಏಳಲು ಎಷ್ಟು ಆಸರೆ ಬೇಕಾಯಿತು ಎಂದು ನೋಡಿ 10ಕ್ಕೆ ಅಂಕ ಕೊಡುತ್ತಾರೆ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವ, ಕುಕ್ಕರಗಾಲಿನಲ್ಲಿ ಶೌಚಕ್ಕೆ ಕೂರುವ, ನೆಲದ ಮೇಲೆ ಪೂಜೆಗೆ ಕೂರುವ ಹಿರಿಯರಿಗೆ ಕುರ್ಚಿಯ ಪರೀಕ್ಷೆಯಷ್ಟೇ ಸಾಲದು.

ಅಂಕಗಳನ್ನು ಓದುವಾಗಲೂ ವಿವೇಕ ಬೇಕು. ಮಲಗಿದ್ದವರು ಎದ್ದು ನಿಂತ 3 ನಿಮಿಷದೊಳಗೆ ಮೇಲಿನ ರಕ್ತದೊತ್ತಡ 20 ಅಂಕದಷ್ಟು ಕುಸಿದರೆ ತಲೆಸುತ್ತಿ ಬೀಳುವ ಸಂಭವವಿದೆ. ಅಂಥವರಿಗೆ ಕಾಲಿನ ವ್ಯಾಯಾಮ ಎಷ್ಟೇ ಹೇಳಿಕೊಟ್ಟರೂ ಬೀಳುವುದು ನಿಲ್ಲುವುದಿಲ್ಲ. ಅವರನ್ನು ಮೊದಲು ವೈದ್ಯರ ಬಳಿಗೆ ಕಳಿಸಬೇಕು.

ವ್ಯಾಯಾಮದ ಪ್ರಮಾಣ

ಹಿರಿಯರ ಚಿಕಿತ್ಸೆಯಲ್ಲಿ ಬಹಳ ಸಲ ಕಾಣುವ ತಪ್ಪು ಅತಿಯಲ್ಲ, ಕೊರತೆ. ಪಾಪ, ವಯಸ್ಸಾದವರು ಎಂದು ಕನಿಕರದಿಂದ ಬೆರಳಾಡಿಸುವ, ಕಾಲಲ್ಲಾಡಿಸುವ ವ್ಯಾಯಾಮಗಳಲ್ಲೇ ತಿಂಗಳು ಕಳೆಯುತ್ತದೆ, ಶಕ್ತಿ ಬೆಳೆಯುವುದಿಲ್ಲ, ಬೆಳೆಯದ್ದನ್ನು ಕಂಡು ಇನ್ನು ಇಷ್ಟೇ ಎಂಬ ತೀರ್ಮಾನ ಗಟ್ಟಿಯಾಗುತ್ತದೆ. ಒಬ್ಬರು ಒಂದು ಸಲ ಎತ್ತಬಲ್ಲ ಗರಿಷ್ಠ ಭಾರದ 60ರಿಂದ 80% ಭಾರದಲ್ಲಿ ವಾರಕ್ಕೆ ಎರಡು ಮೂರು ದಿನ ಅಭ್ಯಾಸ ಮಾಡಿಸಿ, ಸಲೀಸಾದಂತೆ ಭಾರ ಏರಿಸುತ್ತ ಹೋಗುವುದು ಶಕ್ತಿವರ್ಧನೆಯ ಒಪ್ಪಿತ ಕ್ರಮ. ಹೃದಯ, ಮೂಳೆ, ಕೀಲುಗಳ ಸ್ಥಿತಿ ನೋಡಿ ಈ ಪ್ರಮಾಣವನ್ನು ಸುರಕ್ಷಿತವಾಗಿ ನಿಗದಿಪಡಿಸುವುದರಲ್ಲಿ ತಜ್ಞರ ಕೌಶಲವಿದೆ. ಮೂಳೆ ಸವೆದು ಬೆನ್ನುಮೂಳೆಯ ಮಣಿಗಳು ಕುಸಿಯುವ ಅಪಾಯವಿರುವವರನ್ನು ಮುಂದಕ್ಕೆ ಬಾಗಿಸುವ ವ್ಯಾಯಾಮಗಳಿಂದ ದೂರವಿಡಬೇಕೆಂಬಂಥ ಎಚ್ಚರಗಳೂ ಇದರಲ್ಲಿ ಸೇರಿವೆ.

ಬೀಳುವುದನ್ನು ತಡೆಯಲು ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಜಾನ್ ಕ್ಯಾಂಪ್‌ಬೆಲ್, ಕ್ಲೇರ್ ರಾಬರ್ಟ್‌ಸನ್ ಮತ್ತಿತರರು ರೂಪಿಸಿದ ಕಾರ್ಯಕ್ರಮ ಜಗತ್ತಿನಾದ್ಯಂತ ಪಾಠವಾಗಿದೆ. ತರಬೇತಾದ ಫಿಸಿಯೋಥೆರಪಿಸ್ಟ್ ಅಥವಾ ದಾದಿ ಕೆಲವು ಸಲ ಮನೆಗೆ ಭೇಟಿ ಕೊಟ್ಟು, ಕಣಕಾಲಿಗೆ ಕಟ್ಟುವ ತೂಕಗಳ ನೆರವಿನಿಂದ ಕಾಲಿನ ಶಕ್ತಿ ಮತ್ತು ಸಮತೋಲನದ ವ್ಯಾಯಾಮ ಹೇಳಿಕೊಡುತ್ತಾರೆ. ಹಿರಿಯರು ವಾರಕ್ಕೆ ಮೂರು ದಿನ ಅರ್ಧ ಗಂಟೆ ಅವನ್ನು ಮಾಡಿ, ಜೊತೆಗೆ ನಡಿಗೆಯನ್ನೂ ರೂಢಿಸಿಕೊಳ್ಳುತ್ತಾರೆ. ಪ್ರಯೋಗಗಳಲ್ಲಿ ಬೀಳುವ ಪ್ರಸಂಗಗಳು ಸುಮಾರು 35% ತಗ್ಗಿದವು. ಯಂತ್ರಗಳಿಲ್ಲದ ಹಳ್ಳಿಮನೆಗೂ ಹೊಂದುವ ಕ್ರಮವಿದು. ಮರಳು ತುಂಬಿ ಹೊಲಿದ ಬಟ್ಟೆಚೀಲವೂ ತೂಕದ ಕೆಲಸ ಮಾಡುತ್ತದೆ.

ಸೊಂಟದ ಮೂಳೆ ಮುರಿದವರ ಆರೈಕೆ ಇನ್ನೊಂದು ಮುಖ್ಯ ಪಾಠ. ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿ 2011ರಿಂದಲೂ ಶಸ್ತ್ರಚಿಕಿತ್ಸೆಯ ಮರುದಿನವೇ ರೋಗಿಯನ್ನು ಎಬ್ಬಿಸಿ ನಡೆಸಲು ಹೇಳುತ್ತದೆ. ವಾರಗಟ್ಟಲೆ ಮಲಗಿಸುವ ಹಳೆಯ ರೂಢಿ ಶ್ವಾಸಕೋಶದ ಸೋಂಕು, ಹಾಸಿಗೆ ಹುಣ್ಣು, ರಕ್ತನಾಳದ ಹೆಪ್ಪುಗಳನ್ನು ತಂದೊಡ್ಡುತ್ತದೆ.

ಮರೆವು, ಮನೆ, ಮನೆಯವರು

ಮರೆವಿನ ಕಾಯಿಲೆ ಇರುವವರಿಗೆ ಉದ್ದುದ್ದ ಸೂಚನೆಗಳು ಹಿಡಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಮಾತು, ಮಾಡಿ ತೋರಿಸುವುದು, ದಿನವೂ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಮಾಡಿಸುವುದು, ಬದುಕಿಡೀ ಮಾಡಿದ ಕೆಲಸದ ಚಲನೆಗಳನ್ನೇ ವ್ಯಾಯಾಮವಾಗಿಸುವುದು ಫಲ ಕೊಡುತ್ತವೆ. ಅಡುಗೆ ಮಾಡುತ್ತ ಬಂದ ಅಜ್ಜಿಗೆ ಮೇಲಿನ ಹಲಗೆಯಿಂದ ಡಬ್ಬಿ ಇಳಿಸಿ ಮತ್ತೆ ಇಡುವುದು ಭುಜಕ್ಕೂ ಸಮತೋಲನಕ್ಕೂ ಒಳ್ಳೆಯ ಅಭ್ಯಾಸ. ಖಿನ್ನತೆ, ಒಂಟಿತನ, ಸರಿಯಾಗಿ ಕೇಳಿಸದಿರುವುದು ಇವನ್ನು ಮೊಂಡುತನವೆಂದು ತಪ್ಪಾಗಿ ಓದದಿರುವುದೂ ಕಲಿಕೆಯ ಭಾಗ. ಮಗನೊಡನೆ ಮಾತಾಡಿ ಮುಗಿಸದೆ ಎದುರಿಗಿರುವ ಹಿರಿಯರನ್ನೇ ಕೇಳಿ, ಅವರಿಗೆ ಏನು ಮಾಡಬೇಕೆನ್ನಿಸುತ್ತದೆ ಎಂದು ತಿಳಿದು ಗುರಿ ಇಡಬೇಕು. ದೇವಸ್ಥಾನದ ಮೆಟ್ಟಿಲೇರುವುದೋ, ಹಿತ್ತಲಿಗೆ ಹೋಗಿ ಬರುವುದೋ, ಬಸ್ ಹತ್ತುವುದೋ, ಗುರಿ ಅವರದಾದರೆ ವ್ಯಾಯಾಮವೂ ಅವರದಾಗುತ್ತದೆ.

ಮನೆಯನ್ನು ನೋಡದೆ ಚಿಕಿತ್ಸೆ ಪೂರ್ಣವಾಗದು. ಬಚ್ಚಲಿನ ಒದ್ದೆ ನೆಲ, ಎತ್ತರದ ಹೊಸ್ತಿಲು, ಮಂಚದಿಂದ ಶೌಚಾಲಯದವರೆಗಿನ ಕತ್ತಲು, ಸವೆದ ಚಪ್ಪಲಿ, ಕಾಲಿಗೆ ತೊಡರುವ ಸೀರೆಯ ಅಂಚು, ಮಲೆನಾಡು ಕರಾವಳಿಗಳಲ್ಲಿ ಮಳೆಗಾಲದ ಅಂಗಳದ ಪಾಚಿ ಇವೆಲ್ಲ ಬೀಳಿಸುವ ಕಾರಣಗಳು. ಗೋಡೆಗೆ ಹಿಡಿಕೆ, ರಾತ್ರಿ ದೀಪ, ಒರಟು ನೆಲ, ಎತ್ತರಿಸಿದ ಆಸನ ಇವುಗಳ ವೆಚ್ಚ ಮುರಿದ ಸೊಂಟದ ಶಸ್ತ್ರಚಿಕಿತ್ಸೆಯ ಮುಂದೆ ಏನೂ ಅಲ್ಲ. ಊರುಗೋಲು, ವಾಕರ್‌ಗಳ ಎತ್ತರವನ್ನು ಆಯಾ ವ್ಯಕ್ತಿಗೆ ಸರಿಹೊಂದಿಸಿ, ಬಳಸುವ ರೀತಿಯನ್ನು ಅಭ್ಯಾಸ ಮಾಡಿಸಬೇಕು. ಆರೈಕೆ ಮಾಡುವ ಸೊಸೆ, ಮಗಳು, ಹೆಂಡತಿಗೆ ಬೆನ್ನು ನೋಯದಂತೆ ಎಬ್ಬಿಸುವ, ಕೂರಿಸುವ ಬಗೆ ಕಲಿಸುವುದೂ ಫಿಸಿಯೋಥೆರಪಿಸ್ಟರದೇ ಹೊಣೆ.

ಅಮೆರಿಕದ ತರಬೇತಿಯ ಹಂತಗಳು

ಅಮೆರಿಕದಲ್ಲಿ ಫಿಸಿಯೋಥೆರಪಿಸ್ಟ್ ಆಗಲು ಈಗ ಡಾಕ್ಟರ್ ಆಫ್ ಫಿಸಿಕಲ್ ಥೆರಪಿ ಪದವಿ ಮತ್ತು ರಾಷ್ಟ್ರೀಯ ಪರವಾನಗಿ ಪರೀಕ್ಷೆ ಅಗತ್ಯ. ವಯೋವೃದ್ಧರ ಸಂಖ್ಯೆಗೆ ತಕ್ಕಂತೆ ಆರೋಗ್ಯ ಸಿಬ್ಬಂದಿ ತಯಾರಾಗಿಲ್ಲ ಎಂದು ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2008ರ ವರದಿಯಲ್ಲಿ ಎಚ್ಚರಿಸಿತು. ಅದರ ಬೆನ್ನಿಗೆ 2011ರಲ್ಲಿ ಅಮೆರಿಕನ್ ಫಿಸಿಕಲ್ ಥೆರಪಿ ಅಸೋಸಿಯೇಷನ್ನಿನ ವೃದ್ಧರ ವಿಭಾಗವು ಪ್ರತಿಯೊಬ್ಬ ಹೊಸ ಪದವೀಧರರಲ್ಲೂ ಇರಲೇಬೇಕಾದ ಸಾಮರ್ಥ್ಯಗಳ ಪಟ್ಟಿ ಪ್ರಕಟಿಸಿತು. ಆರೋಗ್ಯ ವರ್ಧನೆ ಮತ್ತು ಸುರಕ್ಷತೆ, ಮೌಲ್ಯಮಾಪನ, ಆರೈಕೆಯ ಯೋಜನೆ, ತಂಡದ ಕೆಲಸ, ಆರೈಕೆದಾರರಿಗೆ ನೆರವು, ಆರೋಗ್ಯ ವ್ಯವಸ್ಥೆಯ ಅರಿವು ಎಂಬ ಆರು ವಿಭಾಗಗಳು ಅದರಲ್ಲಿವೆ. ಪರಿಣತರಾಗದವರೂ ಹಿರಿಯರನ್ನು ನೋಡಲೇಬೇಕಾಗುತ್ತದೆ ಎಂಬ ವಿವೇಕ ಈ ಪಟ್ಟಿಯ ಹಿಂದಿದೆ.

ಪರಿಣತಿಗೆ ಎರಡು ದಾರಿಗಳಿವೆ. ಒಂದು, ಪರವಾನಗಿ ಪಡೆದ ಬಳಿಕ ಹಿರಿಯರ ಆರೈಕೆಯಲ್ಲಿ ಕನಿಷ್ಠ 2,000 ಗಂಟೆ ನೇರ ಕೆಲಸ ಮಾಡಿರುವುದು. ಇದು ಹಿಂದಿನ 10 ವರ್ಷದೊಳಗಿನದಾಗಿರಬೇಕು. ಅದರಲ್ಲಿ ಕಾಲು ಭಾಗ ಇತ್ತೀಚಿನ 3 ವರ್ಷದ್ದಾಗಿರಬೇಕು. ಇನ್ನೊಂದು, ಮಾನ್ಯತೆ ಪಡೆದ ರೆಸಿಡೆನ್ಸಿ. ಸಾಮಾನ್ಯವಾಗಿ ಸುಮಾರು ಒಂದು ವರ್ಷದ ಈ ಅವಧಿಯಲ್ಲಿ ಅಭ್ಯರ್ಥಿ ತೀವ್ರ ಚಿಕಿತ್ಸೆಯ ಆಸ್ಪತ್ರೆ, ಪುನಶ್ಚೇತನ ಕೇಂದ್ರ, ಶುಶ್ರೂಷಾ ಗೃಹ, ಹೊರರೋಗಿ ವಿಭಾಗ, ಮನೆಭೇಟಿಗಳಲ್ಲಿ ಅನುಭವಿ ಮಾರ್ಗದರ್ಶಕರ ಕಣ್ಣೆದುರಿಗೆ ಕೆಲಸ ಮಾಡುತ್ತಾರೆ. ಮಾರ್ಗದರ್ಶಕರು ಪಕ್ಕದಲ್ಲಿದ್ದು, ಈ ಪರೀಕ್ಷೆಯನ್ನೇ ಏಕೆ ಆರಿಸಿದಿರಿ, ಇಷ್ಟೇ ಭಾರ ಏಕೆ ಕೊಟ್ಟಿರಿ ಎಂದು ಕೇಳುತ್ತ ತರ್ಕವನ್ನು ಹರಿತಗೊಳಿಸುತ್ತಾರೆ. ಎರಡು ಸಾವಿರ ಗಂಟೆಯ ಏಕಾಂಗಿ ಅನುಭವ ಕೊಡಲಾಗದ್ದನ್ನು ಈ ಪ್ರಶ್ನೋತ್ತರ ಕೊಡುತ್ತದೆ.

ಬಳಿಕ ಅಮೆರಿಕನ್ ಬೋರ್ಡ್ ಆಫ್ ಫಿಸಿಕಲ್ ಥೆರಪಿ ಸ್ಪೆಷಾಲಿಟೀಸ್ ನಡೆಸುವ ದಿನವಿಡೀ ನಡೆಯುವ ಕಂಪ್ಯೂಟರ್ ಪರೀಕ್ಷೆ. ಗೆದ್ದವರು ಜೆರಿಯಾಟ್ರಿಕ್ ಕ್ಲಿನಿಕಲ್ ಸ್ಪೆಷಲಿಸ್ಟ್, ಅಂದರೆ ಜಿಸಿಎಸ್, ಎಂಬ ಬಿರುದನ್ನು ಹೆಸರಿನ ಜೊತೆ ಬಳಸಬಹುದು. ಪ್ರಮಾಣಪತ್ರದ ಅವಧಿ 10 ವರ್ಷ. ಆ ಅವಧಿಯುದ್ದಕ್ಕೂ ಕೆಲಸ ಮತ್ತು ಕಲಿಕೆಯ ಪುರಾವೆ ಒದಗಿಸುತ್ತ ಅದನ್ನು ನವೀಕರಿಸಿಕೊಳ್ಳಬೇಕು. ಹೃದಯ ಮತ್ತು ಶ್ವಾಸಕೋಶ, ನರ, ಮೂಳೆ, ಮಕ್ಕಳು, ಕ್ರೀಡೆ, ಕ್ಯಾನ್ಸರ್ ಸೇರಿದಂತೆ ಈ ಮಂಡಳಿ ಗುರುತಿಸಿರುವ 10 ಕ್ಷೇತ್ರಗಳಲ್ಲಿ ಇದೂ ಒಂದು. ಪೂರ್ಣ ಪರಿಣತಿಗೆ ಹೋಗಲಾಗದವರಿಗಾಗಿ ಹಿರಿಯರ ವ್ಯಾಯಾಮದ ಮೂರು ಕಿರು ಶಿಬಿರಗಳ ಪ್ರಮಾಣಪತ್ರ ಕೋರ್ಸೂ ಇದೆ.

ಇತರ ದೇಶಗಳಲ್ಲಿ

ಬ್ರಿಟನ್ನಿನಲ್ಲಿ ಹಿರಿಯರೊಡನೆ ದುಡಿಯುವ ಫಿಸಿಯೋಥೆರಪಿಸ್ಟರ ಅಜೈಲ್ ಎಂಬ ಜಾಲ ಶಿಕ್ಷಣ ಮತ್ತು ಮಾರ್ಗಸೂಚಿಗಳ ಕೆಲಸ ಮಾಡುತ್ತದೆ. ಕೆನಡಾ ಮತ್ತು ಆಸ್ಟ್ರೇಲಿಯಗಳ ವೃತ್ತಿಸಂಘಗಳು ಈ ಕ್ಷೇತ್ರದ ಪರಿಣತಿಗೆ ಮನ್ನಣೆ ನೀಡುತ್ತವೆ. ಜಪಾನಿನಲ್ಲಿ 2000ದ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದೀರ್ಘಕಾಲಿಕ ಆರೈಕೆಯ ವಿಮೆ ಪುನಶ್ಚೇತನವನ್ನು ಹಕ್ಕಿನಂತೆ ಒದಗಿಸಿದ್ದರಿಂದ ಹಿರಿಯರ ಫಿಸಿಯೋಥೆರಪಿ ವೃತ್ತಿಯ ನಡುಮನೆಗೆ ಬಂತು. ಹಣಕಾಸಿನ ವ್ಯವಸ್ಥೆ ಇರುವಲ್ಲಿ ತರಬೇತಿ ತಾನಾಗಿ ಬೆಳೆಯುತ್ತದೆ ಎಂಬುದಕ್ಕೆ ಮೆಡಿಕೇರ್ ಮತ್ತು ಜಪಾನಿನ ವಿಮೆ ಎರಡೂ ನಿದರ್ಶನ. 1951ರಲ್ಲಿ ಕೋಪನ್‌ಹೇಗನ್‌ನಲ್ಲಿ ಸ್ಥಾಪನೆಯಾದ ಜಾಗತಿಕ ಒಕ್ಕೂಟ ವರ್ಲ್ಡ್ ಫಿಸಿಯೋಥೆರಪಿಯೊಳಗೆ ಹಿರಿಯರ ಆರೈಕೆಗಾಗಿಯೇ ಒಂದು ಅಂತರರಾಷ್ಟ್ರೀಯ ಉಪಸಂಘವಿದೆ. ವಿಶ್ವಸಂಸ್ಥೆ 2021ರಿಂದ 2030ರವರೆಗಿನ ಅವಧಿಯನ್ನು ಆರೋಗ್ಯಕರ ವೃದ್ಧಾಪ್ಯದ ದಶಕವೆಂದು ಘೋಷಿಸಿದೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಫಿಸಿಯೋಥೆರಪಿ ಶಿಕ್ಷಣ 1950ರ ದಶಕದ ಆರಂಭದಲ್ಲಿ, ಪೋಲಿಯೊ ಹಾವಳಿಯ ಹಿನ್ನೆಲೆಯಲ್ಲಿ, ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಶುರುವಾಯಿತು. 1955ರಲ್ಲಿ ಇಂಡಿಯನ್ ಅಸೋಸಿಯೇಷನ್ ಆಫ್ ಫಿಸಿಯೋಥೆರಪಿಸ್ಟ್ಸ್ ಸ್ಥಾಪನೆಯಾಯಿತು. ವೃದ್ಧರ ವೈದ್ಯಕೀಯಕ್ಕೆ ನಾಂದಿ ಹಾಡಿದ್ದು ಮದರಾಸು. ಅಲ್ಲಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಡಾ. ವಿ.ಎಸ್. ನಟರಾಜನ್ 1978ರಲ್ಲಿ ವೃದ್ಧರ ಹೊರರೋಗಿ ವಿಭಾಗ ಆರಂಭಿಸಿದರು. 1996ರಲ್ಲಿ ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಈ ವಿಷಯದ ಎಂ.ಡಿ. ಪದವಿ ಶುರುವಾಯಿತು. ವೈದ್ಯರಿಗೆ ಹೀಗೆ ಬಾಗಿಲು ತೆರೆದರೂ ಫಿಸಿಯೋಥೆರಪಿಸ್ಟರಿಗೆ ಅದಕ್ಕೆ ಜೋಡಿಯಾದ ಪರಿಣತಿಯ ದಾರಿ ಅಷ್ಟೇ ಸ್ಪಷ್ಟವಾಗಿ ರೂಪುಗೊಳ್ಳಲಿಲ್ಲ.

ನಾಲ್ಕು ವರ್ಷದ ಓದು ಮತ್ತು ಆರು ತಿಂಗಳ ಇಂಟರ್ನ್‌ಶಿಪ್‌ನ ಬಿಪಿಟಿ ಪದವಿ ಬಹುಕಾಲದಿಂದ ನಡೆದುಬಂದ ರೂಪ. ಅದರಲ್ಲಿ ವೃದ್ಧರ ಆರೈಕೆ ಹೆಚ್ಚಾಗಿ ಸಮುದಾಯ ಪುನಶ್ಚೇತನ ವಿಷಯದೊಳಗೆ ಅಡಕವಾಗಿ ಬರುತ್ತದೆ. ಎರಡು ವರ್ಷದ ಸ್ನಾತಕೋತ್ತರ ಪದವಿ ಎಂಪಿಟಿಯಲ್ಲಿ ಮೂಳೆ ಮತ್ತು ಸ್ನಾಯು, ನರ, ಹೃದಯ ಮತ್ತು ಶ್ವಾಸಕೋಶ, ಕ್ರೀಡೆ, ಸಮುದಾಯ ಎಂಬ ವಿಭಾಗಗಳೇ ಹೆಚ್ಚು ಜನಪ್ರಿಯ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಕರ್ನಾಟಕದ ಅನೇಕ ಫಿಸಿಯೋಥೆರಪಿ ಕಾಲೇಜುಗಳಿವೆ. ಮಣಿಪಾಲ, ಬೆಳಗಾವಿ, ಮೈಸೂರು, ಮಂಗಳೂರುಗಳು ಈ ಶಿಕ್ಷಣಕ್ಕೆ ಹೆಸರಾದ ಊರುಗಳು. ಇಲ್ಲಿಂದ ಹೊರಬಂದವರು ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದಾರೆ. ಅಮೆರಿಕದ ಪರವಾನಗಿ ಪಡೆದವರಿಗೆ ಜಿಸಿಎಸ್ ದಾರಿಯೂ ತೆರೆದಿರುತ್ತದೆ. ಅಂಥವರ ಅನುಭವ ತಾಯ್ನಾಡಿನ ಕಾಲೇಜುಗಳಿಗೆ ಒದಗಿದರೆ ದೊಡ್ಡ ಲಾಭ.

2021ರ ರಾಷ್ಟ್ರೀಯ ಪೂರಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯಿದೆ ಫಿಸಿಯೋಥೆರಪಿಗೆ ಮೊದಲ ಬಾರಿಗೆ ರಾಷ್ಟ್ರಮಟ್ಟದ ನಿಯಂತ್ರಣ ಚೌಕಟ್ಟು ಕೊಟ್ಟಿತು. 2025ರಲ್ಲಿ ಆಯೋಗದ ಹೊಸ, ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಿಡುಗಡೆಯಾಯಿತು. ಪರಿಣತಿಯ ಮಾನದಂಡವನ್ನು ದೇಶಕ್ಕೆಲ್ಲ ಒಂದೇ ರೀತಿಯಲ್ಲಿ ನಿಗದಿ ಮಾಡುವ ಅವಕಾಶ ಈಗ ಸಿಕ್ಕಿದೆ.

ಸೇವೆಯ ಕಡೆ, 2010-11ರಲ್ಲಿ ಆರಂಭವಾದ ವೃದ್ಧರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಲ್ಲಿ 10 ಹಾಸಿಗೆಯ ವೃದ್ಧರ ವಾರ್ಡ್, ಫಿಸಿಯೋಥೆರಪಿ ಸೌಲಭ್ಯ ಮತ್ತು ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಪುನಶ್ಚೇತನ ಸೇವೆಯನ್ನು ಉದ್ದೇಶಿಸಿದೆ. ಹೆಲ್ಪ್‌ಏಜ್ ಇಂಡಿಯಾ ಸಂಸ್ಥೆ ಹಿರಿಯರಿಗೆ ಫಿಸಿಯೋಥೆರಪಿ ಸೇವೆ ಒದಗಿಸುತ್ತದೆ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಹಿರಿಯರಿಗೂ ಮರೆವಿನ ಕಾಯಿಲೆಯವರಿಗೂ ಆರೈಕೆ ನೀಡುತ್ತ ಬಂದಿದೆ. 2024ರಲ್ಲಿ 70 ದಾಟಿದ ಎಲ್ಲರಿಗೂ ವಿಸ್ತರಿಸಿದ ಆಯುಷ್ಮಾನ್ ಭಾರತ್ ವಿಮೆ ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ ಒತ್ತು ಕೊಡುತ್ತದೆ. ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಬೇಕಾಗುವ ಫಿಸಿಯೋಥೆರಪಿಯ ಖರ್ಚು ಬಹುಮಟ್ಟಿಗೆ ಕುಟುಂಬದ ಮೇಲೇ ಬೀಳುತ್ತದೆ.

ಆಗಬೇಕಾದದ್ದು

ಕರ್ನಾಟಕಕ್ಕೆ ಬೇಕಾದ ತರಬೇತಿ ಹೊರದೇಶದ ಪಠ್ಯದ ನಕಲಾದರೆ ಸಾಲದು. ನೆಲದ ಮೇಲೆ ಕೂರುವ ಬದುಕು, ಹೊಲ ತೋಟಗಳಲ್ಲಿ ಎಪ್ಪತ್ತರಲ್ಲೂ ದುಡಿಯುವ ದೇಹ, ಮಕ್ಕಳು ದೂರದ ಊರಲ್ಲಿರುವ ಒಂಟಿ ದಂಪತಿಗಳ ಮನೆ, ತಾಲ್ಲೂಕು ಆಸ್ಪತ್ರೆಯ ಮಿತಿಗಳು ಇವೆಲ್ಲ ಪಾಠದೊಳಗೆ ಬರಬೇಕು. ಬಿಪಿಟಿ ವಿದ್ಯಾರ್ಥಿಯ ಇಂಟರ್ನ್‌ಶಿಪ್‌ನಲ್ಲಿ ವೃದ್ಧರ ವಾರ್ಡ್ ಮತ್ತು ಮನೆಭೇಟಿ ಕಡ್ಡಾಯವಾಗಬೇಕು. ಎಂಪಿಟಿಯಲ್ಲಿ ವೃದ್ಧರ ಆರೈಕೆ ಸ್ವತಂತ್ರ ವಿಭಾಗವಾಗಿ ಬೆಳೆಯಬೇಕು. ಮಾರ್ಗದರ್ಶಕರ ಜೊತೆಗಿನ ಒಂದು ವರ್ಷದ ರೆಸಿಡೆನ್ಸಿ ಮಾದರಿಯನ್ನು ಬೋಧನಾ ಆಸ್ಪತ್ರೆಗಳು ಕೈಗೆತ್ತಿಕೊಳ್ಳಬೇಕು. ಕಲಿತವರಿಗೆ ಜಿಲ್ಲೆ ತಾಲ್ಲೂಕುಗಳಲ್ಲಿ ಹುದ್ದೆ ಇರಬೇಕು. ಹುದ್ದೆಯಿಲ್ಲದ ಪರಿಣತಿಗೆ ವಿದ್ಯಾರ್ಥಿಗಳು ಬರುವುದಿಲ್ಲ. ಆಶಾ ಕಾರ್ಯಕರ್ತೆಯರಿಗೆ ಬೀಳುವ ಅಪಾಯ ಗುರುತಿಸುವ ಸರಳ ಪರೀಕ್ಷೆಗಳನ್ನು ಕಲಿಸುವ ಹೊಣೆಯೂ ಈ ತಜ್ಞರಿಗೆ ಸೇರಬೇಕು.

ಓದುಗರ ಪಾಲಿನ ಕೆಲಸವೂ ಇದೆ. ಮನೆಯ ಹಿರಿಯರು ಒಮ್ಮೆ ಬಿದ್ದಿದ್ದರೆ, ಕುರ್ಚಿಯಿಂದ ಏಳಲು ಕೈ ಊರುತ್ತಿದ್ದರೆ, ನಡಿಗೆ ಕಳೆದ ವರ್ಷಕ್ಕಿಂತ ನಿಧಾನವಾಗಿದ್ದರೆ, ಬೀಳುವ ಭಯದಿಂದ ಹೊರಗೆ ಹೋಗುವುದನ್ನೇ ಬಿಟ್ಟಿದ್ದರೆ, ವಯಸ್ಸಾಯಿತು ಎಂದು ಸುಮ್ಮನಾಗದೆ ವೈದ್ಯರಿಗೂ ಫಿಸಿಯೋಥೆರಪಿಸ್ಟರಿಗೂ ತೋರಿಸಿ. ಎರಡನೆಯ ಸಲ ಬೀಳುವವರೆಗೆ ಕಾಯಬೇಡಿ.